ಹೆದ್ದಾರಿಯಡಿಯ ಹೇಸ್ಟಿಂಗ್ಸ್ ಬೀದಿ

ಡೆಟ್ರಾಯ್ಟ್ ಪೇಟೆಗೆ ಐ-375 ಹೆದ್ದಾರಿಯಲ್ಲಿ ಎಷ್ಟೋ ಸಲ ಹೋಗಿಬಂದ ನಾವು, ಅಲ್ಲೊಂದು ಬೀದಿ ಅಳಿದುಹೋಗಿದೆಯೆಂಬುದನ್ನು ಬಹುಕಾಲ ಅರಿತಿರಲಿಲ್ಲ. ಅದು ಹೇಸ್ಟಿಂಗ್ಸ್ ಬೀದಿ. ಆಫ್ರಿಕನ್-ಅಮೆರಿಕನ್ನರ ಅಂಗಡಿ, ಚರ್ಚು, ಸಂಗೀತದ ಕ್ಲಬ್ಬುಗಳಿದ್ದ ಜಾಗ. ಮಿಸಿಸಿಪ್ಪಿಯಿಂದ ಬಂದ ಜಾನ್ ಲೀ ಹೂಕರ್ ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಇಲ್ಲಿ ಬ್ಲೂಸ್ ಹಾಡುತ್ತಿದ್ದರು. ಅವರ 1948ರ ‘ಬೂಗಿ ಚಿಲ್ಲೆನ್’ ಹಾಡಿನಲ್ಲಿ ಈ ಬೀದಿಯ ಹೆಸರೇ ಇದೆ.

ಶಿಕಾಗೊದ ಕಥೆಯೂ ಇಂಥದೇ. 1943ರಲ್ಲಿ ರೈಲು ಹತ್ತಿ ಅಲ್ಲಿಗೆ ಬಂದ ಮಡ್ಡಿ ವಾಟರ್ಸ್, ಮಿಸಿಸಿಪ್ಪಿಯ ಹತ್ತಿಹೊಲಗಳಲ್ಲಿ ದುಡಿದವರು. ಮನೆಬಾಡಿಗೆಗೆ ಹಣ ಕೂಡಿಸಲು ಜನ ನಡೆಸುತ್ತಿದ್ದ ಕೂಟಗಳಲ್ಲಿ ಮೊದಮೊದಲು ಹಾಡಿದರು. ಕ್ಲಬ್ಬಿನ ಗದ್ದಲದಲ್ಲಿ ಊರಿನ ಗಿಟಾರ್ ಕೇಳಿಸದೆಂದು ವಿದ್ಯುತ್ ಗಿಟಾರ್ ಹಿಡಿದರು. ಬ್ಲೂಸಿನ ದನಿಯೇ ಬದಲಾಯಿತು.

ಜಾಝ್ ಕಲಾವಿದರಿಗೆ ಮೇಷ್ಟ್ರುಗಳಿದ್ದರು. ಶಿಕಾಗೊದ ಡುಸಾಬಲ್ ಹೈಸ್ಕೂಲಿನಲ್ಲಿ ವಾಲ್ಟರ್ ಡಯೆಟ್, ಜೀನ್ ಆಮನ್ಸ್ ಮತ್ತು ಜಾನಿ ಗ್ರಿಫಿನ್ ಅವರಂಥ ಸ್ಯಾಕ್ಸೊಫೋನ್ ವಾದಕರನ್ನು ತಯಾರು ಮಾಡಿದರು. ಡೆಟ್ರಾಯ್ಟಿನಲ್ಲಿ ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ ಮನೆಯಲ್ಲೇ ಪಾಠ ಹೇಳುತ್ತಿದ್ದರು. ನಮ್ಮೂರಿನ ಸಂಗೀತದ ಮೇಷ್ಟ್ರ ಮನೆ ನೆನಪಾಗುತ್ತದೆ.

1950ರ ದಶಕದ ಕೊನೆಯಿಂದ ಹೆದ್ದಾರಿಗಾಗಿ ಹೇಸ್ಟಿಂಗ್ಸ್ ಬೀದಿಯನ್ನು ಕೆಡವಿದರು. ಕ್ಲಬ್ಬುಗಳು ಹೋದವು. 1960ರಲ್ಲಿ ನ್ಯೂಯಾರ್ಕಿಗೆ ಹೋದ ಹ್ಯಾರಿಸ್ ಮಾತ್ರ, 2021ರಲ್ಲಿ ತೀರಿಕೊಂಡರು, ಇಳಿವಯಸ್ಸಿನಲ್ಲೂ ಪಾಠ ಬಿಡಲಿಲ್ಲ. ಬಾಡಿಗೆ ಕೋಣೆಯಲ್ಲೋ ಯಾರದೋ ಬೇಸ್‌ಮೆಂಟಿನಲ್ಲೋ ಮಕ್ಕಳಿಗೆ ಕನ್ನಡ ಕಲಿಸುವ ನಮಗೆ ಇದು ದೂರದ ಚರಿತ್ರೆಯಲ್ಲ. ಮುಂದಿನ ಸಲ ಅತ್ತ ಹೋದಾಗ, ಕಾರಿನಲ್ಲಿ ಹೂಕರ್ ಹಾಡು ಹಾಕಿ, ಮಕ್ಕಳಿಗೆ ಆ ಬೀದಿಯ ಹೆಸರು ಹೇಳೋಣ.