ಹೆಡ್‌ಮಾಸ್ತರರ ಅಧಿಪತ್ಯ

ಚಾಲುಕ್ಯರ ಶಾಸನದಿಂದ ಇತಿಹಾಸಜ್ಞರಿಗೆ ಸುಪರಿಚಿತವಾದ ಹಾನಗಲ್ಲ ಸೀಮೆಯ ಆಡೂರು, ಆಂಗ್ಲರ ಆಳಿಕೆಯಲ್ಲಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದುದರಿಂದ, ಇಲ್ಲಿಯ ಶಾಲಾನಾಯಕತ್ವದ ಚರಿತ್ರೆಯನ್ನು ಅರಿಯಬಯಸುವವರು ಮೊದಲು ಧಾರವಾಡದತ್ತಲೇ ದೃಷ್ಟಿ ಹರಿಸಬೇಕಾಗುತ್ತದೆ. ಮರಾಠಿಯೇ ವಿದ್ಯಾಭಾಷೆಯಾಗಿ ಮೆರೆಯುತ್ತಿದ್ದ ಕಾಲದಲ್ಲಿ, 1861ರಲ್ಲಿ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯೋಪಾಧ್ಯಾಯರಾದ ಚನ್ನಬಸಪ್ಪನವರು, ಆಜ್ಞೆಗಿಂತ ಆದರ್ಶವೇ ಬಲವತ್ತರವೆಂಬಂತೆ, ಭಾವೀ ಶಿಕ್ಷಕರಲ್ಲಿ ಕನ್ನಡದ ಅಭಿಮಾನವನ್ನು ಬಿತ್ತಿದರು. ಮುಂದೆ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಕನ್ನಡ ಶಾಲೆಗಳ ವಿಸ್ತರಣಕ್ಕೆ ದುಡಿದರಲ್ಲದೆ, ಷೇಕ್ಸ್‌ಪಿಯರನ ನಾಟಕವೊಂದನ್ನು ಕನ್ನಡಿಸಿ, ಆಡಳಿತಗಾರನಿಗೂ ಸಾಹಿತ್ಯವ್ಯಾಸಂಗವು ಭೂಷಣವೆಂದು ತೋರಿಸಿದರು.

ಆದರೆ ಹಳ್ಳಿಯ ಹೆಡ್‌ಮಾಸ್ತರರೆಲ್ಲರೂ ಆ ಮಾರ್ಗವನ್ನೇ ಹಿಡಿದರೆನ್ನಲಾಗದು. ಇನ್‌ಸ್ಪೆಕ್ಟರರ ಭೇಟಿಯೂ ಪ್ರಾಥಮಿಕ ಶಾಲೆಯ ಅಂತಿಮ ಪರೀಕ್ಷೆಯಾದ ಮುಲ್ಕಿಯ ಫಲವೂ ಯೋಗ್ಯತೆಯ ಅಳತೆಗೋಲಾಗಿದ್ದಾಗ, ಬೆತ್ತವನ್ನೇ ರಾಜದಂಡವಾಗಿ ಹಿಡಿದವರೂ ಇದ್ದರು. ಇದಕ್ಕೆ ಪ್ರತಿಯಾಗಿ, ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರು ಮಾಸ್ತರಿಕೆಯಿಂದ ಹೊರಬಂದು, 1907ರಲ್ಲಿ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ಹೊರಡಿಸಿ, ಗುರುತ್ವವನ್ನು ಶಾಲೆಯ ಗೋಡೆಯಾಚೆಗೂ ವಿಸ್ತರಿಸಿದರು.

1956ರ ಏಕೀಕರಣಾನಂತರ ಮುಖ್ಯೋಪಾಧ್ಯಾಯರ ಮೇಲೆ ಕಡತಗಳ ಭಾರವು ಹೆಚ್ಚಿತು. 2001ರಲ್ಲಿ ಬಂದ ಶಾಲಾಭಿವೃದ್ಧಿ ಸಮಿತಿಗಳು ಪೋಷಕರನ್ನೂ ನಿರ್ಣಯದಲ್ಲಿ ಪಾಲುದಾರರನ್ನಾಗಿಸಿದವು. ಏಕಾಧಿಪತ್ಯವು ಸಹಕಾರಕ್ಕೆ ಎಡೆಗೊಟ್ಟುದು ಸ್ವಾಗತಾರ್ಹವೇ; ಆದರೂ ಅಧಿಕಾರಕ್ಕೆ ವಿದ್ವತ್ತಿನ ಗೌರವವು ಜೊತೆಗೂಡದಿದ್ದರೆ ಯಾವ ಸಮಿತಿಯೂ ಶಾಲೆಯನ್ನು ಮುನ್ನಡೆಸಲಾರದು.