ಅಂಶ ಯಾರದು, ಛೇದ ಯಾರದು: ಕಂಪ್ಯೂಟರ್ ಸೈನ್ಸ್ ಪದವಿಯ ಸಾಲ–ಸಂಬಳ ಅನುಪಾತ ಕುರಿತು ಟಿಪ್ಪಣಿ

1. ವ್ಯಾಪ್ತಿ

ಪದವಿಗಾಗಿ ಮಾಡಿದ ಸಾಲವನ್ನು ಅಂಶವಾಗಿಯೂ ಪದವಿಯ ನಂತರದ ಗಳಿಕೆಯನ್ನು ಛೇದವಾಗಿಯೂ ಇಟ್ಟು ಅನುಪಾತ ತೆಗೆಯುವುದು ರೂಢಿ. ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ವಿಭಾಗದ ಮಟ್ಟಿಗೆ ಈ ಎರಡು ಸಂಖ್ಯೆಗಳು ಒಂದೇ ವಿದ್ಯಾರ್ಥಿಗಳ ಕುರಿತಾದವೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಪದವಿ ಲಾಭದಾಯಕವೇ ಅಲ್ಲವೇ ಎಂಬ ವಿಚಾರ ಈ ಟಿಪ್ಪಣಿಯ ಹೊರಗಿನದು.

2. ಛೇದ

ಎನ್‌ಐಆರ್‌ಎಫ್ ಎಂಬ ಕೇಂದ್ರ ಶಿಕ್ಷಣ ಸಚಿವಾಲಯದ ಶ್ರೇಯಾಂಕಕ್ಕಾಗಿ (ಮೊದಲ ಪಟ್ಟಿ 2016) ಸಂಸ್ಥೆಗಳು ಸಲ್ಲಿಸುವ ವಿವರಗಳಲ್ಲಿ ಉದ್ಯೋಗ ಪಡೆದ ಪದವೀಧರರ ವಾರ್ಷಿಕ ಸಂಬಳದ ಮಧ್ಯಾಂಕ ಇರುತ್ತದೆ. ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರುವುದರಿಂದ ಓದುವಲ್ಲಿ ತಪ್ಪಾಗುವ ಸಂಭವ ಕಡಿಮೆ. ಆದರೆ ಅದು ನಾಲ್ಕು ವರ್ಷದ ಪದವಿಗಳಿಗೆಲ್ಲ ಸೇರಿದ ಒಂದೇ ಸಂಖ್ಯೆ. ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಮೂರೂ ಅದರೊಳಗಿವೆ. ಕಂಪ್ಯೂಟರ್ ಸೈನ್ಸ್‌ನವರ ಮಧ್ಯಾಂಕ ಇದಕ್ಕಿಂತ ಹೆಚ್ಚಿರುವುದು ಸಂಭವನೀಯ. ಇನ್ನೊಂದೆಡೆ, ಉದ್ಯೋಗ ಸಿಗದವರು ಲೆಕ್ಕದಲ್ಲಿ ಇಲ್ಲವಾದ್ದರಿಂದ ಸಂಖ್ಯೆ ವಾಸ್ತವಕ್ಕಿಂತ ಮೇಲೇರಿರುವ ಸಾಧ್ಯತೆಯೂ ಅಷ್ಟೇ ಇದೆ. ಎರಡು ದೋಷಗಳು ವಿರುದ್ಧ ದಿಕ್ಕಿನವು ಎಂದ ಮಾತ್ರಕ್ಕೆ ಒಂದನ್ನೊಂದು ಸರಿತೂಗುತ್ತವೆ ಎಂದು ಭಾವಿಸಲು ಆಧಾರವಿಲ್ಲ.

ಉದ್ಯೋಗದ ಪತ್ರ ಕೈಸೇರಿದ ದಿನ ಮತ್ತು ಕೆಲಸಕ್ಕೆ ಹಾಜರಾದ ದಿನ ಒಂದೇ ಅಲ್ಲ. 2022ರಲ್ಲಿ ಪದವಿ ಮುಗಿಸಿದವರಲ್ಲಿ ಹಲವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಈ ಅಂತರ ಮಧ್ಯಾಂಕದಲ್ಲಿ ಕಾಣದು.

3. ಅಂಶ

ಇಲ್ಲಿ ತೊಡಕು ಹೆಚ್ಚು. ಅಲ್ಪಸಂಖ್ಯಾತೇತರ ಖಾಸಗಿ ಕಾಲೇಜುಗಳಲ್ಲಿ ಸೀಟುಗಳು ಸ್ಥೂಲವಾಗಿ 45:30:25ರ ಪ್ರಮಾಣದಲ್ಲಿ ಸಿಇಟಿ (ರಾಜ್ಯ ಸರ್ಕಾರದ ಪ್ರವೇಶ ಪರೀಕ್ಷೆ), ಕಾಮೆಡ್‌-ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಮತ್ತು ಮ್ಯಾನೇಜ್‌ಮೆಂಟ್ ಎಂದು ಹಂಚಿಕೆಯಾಗುತ್ತವೆ. ಇದರ ಹಿಂದೆ ಟಿ.ಎಂ.ಎ. ಪೈ ಪ್ರತಿಷ್ಠಾನ (31 ಅಕ್ಟೋಬರ್ 2002) ಹಾಗೂ ಪಿ.ಎ. ಇನಾಮದಾರ್ (12 ಆಗಸ್ಟ್ 2005) ಪ್ರಕರಣಗಳ ಸುಪ್ರೀಂ ಕೋರ್ಟ್ ತೀರ್ಪುಗಳಿವೆ. ಬೋಧನಾ ಶುಲ್ಕವಿಲ್ಲದ ಎಸ್‌ಎನ್‌ಕ್ಯೂ ಸೀಟುಗಳು ಈ ಮೂರು ಬಗೆಯ ಸೀಟುಗಳ ಮೇಲೆ ಹೆಚ್ಚುವರಿ. ಒಂದೇ ತರಗತಿ, ಒಂದೇ ಪರೀಕ್ಷೆ. ಶುಲ್ಕ ಮಾತ್ರ ಕನಿಷ್ಠ ನಾಲ್ಕು ಬಗೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು ಕಟ್ಟುವುದು ಮೂರು ವರ್ಷದ ಶುಲ್ಕ. ಹೀಗಿರುವಾಗ ‘ವಿಭಾಗದ ಸಾಲ’ ಎಂಬ ಒಂದೇ ಮಧ್ಯಾಂಕ, ಲೆಕ್ಕಕ್ಕೆ ಸಿಕ್ಕಿದರೂ, ಯಾವ ಗುಂಪನ್ನೂ ಸರಿಯಾಗಿ ಪ್ರತಿನಿಧಿಸದಿರಬಹುದು.

ಸಾಲವೆಂದರೆ ಬ್ಯಾಂಕಿನ ಶೈಕ್ಷಣಿಕ ಸಾಲವೊಂದೇ ಅಲ್ಲ. ಚಿನ್ನದ ಮೇಲಿನ ಸಾಲ, ಸಹಕಾರ ಸಂಘದ ಸಾಲ, ಎತ್ತಿದ ಚೀಟಿ – ಇವು ತಂದೆ ಅಥವಾ ತಾಯಿಯ ಹೆಸರಿನಲ್ಲಿರುತ್ತವೆ. ಶಿಕ್ಷಣಕ್ಕೆಂದು ಪಡೆದದ್ದು ಎಂಬುದು ಅಡವಿನ ರಸೀದಿಯಲ್ಲಿ ದಾಖಲಾಗುವುದಿಲ್ಲ.

4. ಹೋಲಿಕೆಗೆ

ಅಮೆರಿಕದ ಶಿಕ್ಷಣ ಇಲಾಖೆಯ ‘ಕಾಲೇಜ್ ಸ್ಕೋರ್‌ಕಾರ್ಡ್’ (2015) ವಿಷಯವಾರು ಸಾಲ ಮತ್ತು ಗಳಿಕೆಗಳನ್ನು 2019ರಿಂದ ಕೊಡುತ್ತಿದೆ. ಗಳಿಕೆಯ ಮೂಲ ತೆರಿಗೆ ದಾಖಲೆಗಳಾದ್ದರಿಂದ ನಮ್ಮಲ್ಲಿಯ ಪ್ಲೇಸ್‌ಮೆಂಟ್ ಅಂಕಿಗಿಂತ ಅದು ಗಟ್ಟಿ. ಆದರೂ ಅಲ್ಲಿನ ಸಾಲದ ಮಧ್ಯಾಂಕಕ್ಕೆ ಬರುವವರು ಕೇಂದ್ರ ಸರ್ಕಾರದ ಸಾಲ ಪಡೆದವರು ಮಾತ್ರ. ಗಳಿಕೆಯ ಲೆಕ್ಕದಲ್ಲಿ ಸಾಲವಿಲ್ಲದೆ ಅನುದಾನವಷ್ಟೇ ಪಡೆದವರೂ ಇದ್ದಾರೆ. ಸಾಲದ ಲೆಕ್ಕದಲ್ಲಿ ಖಾಸಗಿ ಸಾಲ ಸೇರಿಲ್ಲ. ವಿಷಯಸಂಕೇತದಲ್ಲೂ ಏಕರೂಪತೆ ಇಲ್ಲ: ಒಂದೇ ಹೆಸರಿನ ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು 11.07ರಡಿ (ಕಂಪ್ಯೂಟರ್ ಸೈನ್ಸ್), ಕೆಲವು 11.01ರಡಿ (ಸಾಮಾನ್ಯ ಕಂಪ್ಯೂಟರ್ ಮತ್ತು ಮಾಹಿತಿ ವಿಜ್ಞಾನ) ವರದಿ ಮಾಡುತ್ತವೆ.

5. ಮಾದರಿ ಲೆಕ್ಕ

ಊಹೆಗಳು: ಸಾಲ ₹7,50,000 (2015ರ ಶೈಕ್ಷಣಿಕ ಸಾಲ ಖಾತರಿ ನಿಧಿಯ ರಕ್ಷಣೆಯ ಮಿತಿ), ನಾಲ್ಕು ಸಮ ವಾರ್ಷಿಕ ಕಂತುಗಳಲ್ಲಿ ಬಿಡುಗಡೆ, ಬಡ್ಡಿ ಶೇ 10, ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ವ್ಯಾಸಂಗದ ಅವಧಿ ಮತ್ತು ಆನಂತರದ ಒಂದು ವರ್ಷ ಸರಳ ಬಡ್ಡಿ, ಬಳಿಕ 15 ವರ್ಷ ಮರುಪಾವತಿ.

₹1,87,500ರ ಕಂತುಗಳ ಮೇಲೆ ಕ್ರಮವಾಗಿ 5, 4, 3, 2 ವರ್ಷಗಳ ಬಡ್ಡಿ, ಒಟ್ಟು ₹2,62,500. ಅಸಲಿಗೆ ಸೇರಿದಾಗ ₹10,12,500. ಮಾಸಿಕ ಕಂತು ₹10,880.

ಇದನ್ನು ₹6,00,000ರ ‘ಪ್ಯಾಕೇಜ್’ಗೆ ಹೋಲಿಸುವವರು ತಿಂಗಳಿಗೆ ₹50,000 ಎಂದು ಹಿಡಿದು ಶೇ 21.8 ಎನ್ನುತ್ತಾರೆ. ಮೂಲ ವೇತನ ₹3,00,000 ಎಂದಿಟ್ಟುಕೊಂಡರೆ, ಉದ್ಯೋಗದಾತ ಮತ್ತು ಉದ್ಯೋಗಿಯ ಪಿಎಫ್ ತಲಾ ₹36,000, ಗ್ರಾಚ್ಯುಟಿ ₹14,423, ವೃತ್ತಿ ತೆರಿಗೆ ₹2,500, ವರ್ಷಾಂತ್ಯದ ಸಾಧನೆ ಆಧರಿಸಿದ ಭಾಗ ₹60,000 (ಇದೂ ಊಹೆ) ಕಳೆದು ತಿಂಗಳಿಗೆ ಕೈಗೆ ಬರುವುದು ₹37,590. ಅನುಪಾತ ಶೇ 28.9. ಸಾಲವೂ ಸಂಬಳವೂ ಬದಲಾಗಿಲ್ಲ. ಬದಲಾದದ್ದು ‘ಸಂಬಳ’ ಎಂಬ ಪದದ ಅರ್ಥ.

ಪದವಿಯ ಸಾಲ–ಗಳಿಕೆ ಕುರಿತ ಅಮೆರಿಕದ 2014ರ ನಿಯಮ (2019ರಲ್ಲಿ ರದ್ದು, 2023ರಲ್ಲಿ ಮರುರೂಪ) ವಾರ್ಷಿಕ ಕಂತು ಗಳಿಕೆಯ ಶೇ 8ರ ಒಳಗಿರಬೇಕೆಂಬ ಅಳತೆಯನ್ನು ಬಳಸಿತ್ತು. ಪದವಿಗೆ ಮರುಪಾವತಿಯ ಅವಧಿ ಅಲ್ಲಿಯೂ 15 ವರ್ಷವೇ, ಕಾಕತಾಳೀಯವಿರಬಹುದು. ಅದನ್ನು ಇಲ್ಲಿಗೆ ಅನ್ವಯಿಸಿದರೆ ₹16.32 ಲಕ್ಷದ ಗಳಿಕೆ ಬೇಕಾಗುತ್ತದೆ. ಆದರೆ ಇಲ್ಲಿಯ ಬಡ್ಡಿದರ ಬೇರೆ, ಮೊದಲ ಕೆಲ ವರ್ಷ ಹೆತ್ತವರ ಮನೆಯಲ್ಲೇ ಉಳಿಯುವ ಪದ್ಧತಿಯೂ ಬೇರೆ. ಆದ್ದರಿಂದ ಈ ಸಂಖ್ಯೆ ಪದವಿಯ ಸೋಲನ್ನಲ್ಲ, ಅಳತೆಗೋಲು ಇಲ್ಲಿಗೆ ಹೊಂದದಿರುವುದನ್ನು ಸೂಚಿಸುತ್ತದೆ ಎಂದು ಓದುವುದು ಹೆಚ್ಚು ಸುರಕ್ಷಿತ.

6. ತೆರಿಗೆ ವಿನಾಯಿತಿ

ಶೈಕ್ಷಣಿಕ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ (1961ರ ಕಾಯ್ದೆಯಲ್ಲಿ 80ಇ ಸೆಕ್ಷನ್) ಸಿಗುವ ಕಡಿತವನ್ನು ಇಂಥ ಲೆಕ್ಕಗಳಲ್ಲಿ ಉಳಿತಾಯವೆಂದು ಸೇರಿಸುವುದುಂಟು. ಅದರ ಮಿತಿ 8 ವರ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಲಭ್ಯವೂ ಇಲ್ಲ. ಮೇಲಿನ ಉದಾಹರಣೆಯಲ್ಲಿ ಪ್ಯಾಕೇಜಿನಿಂದ ಉದ್ಯೋಗದಾತರ ಪಿಎಫ್ ಮತ್ತು ಗ್ರಾಚ್ಯುಟಿ ಬಿಟ್ಟರೆ, ಹಳೆಯ ಪದ್ಧತಿಯ ₹50,000ರ ಪ್ರಮಾಣಿತ ಕಡಿತವೊಂದರಿಂದಲೇ ಆದಾಯ ₹4,99,577ಕ್ಕೆ, ಅಂದರೆ ರಿಯಾಯಿತಿಯ ₹5,00,000ದ ಗೆರೆಯಿಂದ ₹423 ಕೆಳಗೆ ಇಳಿಯುತ್ತದೆ. ಕಟ್ಟಬೇಕಾದ ತೆರಿಗೆಯೇ ಇಲ್ಲದಿರುವುದರಿಂದ ಉಳಿತಾಯ ಶೂನ್ಯ.