ಮಕ್ಕಳನ್ನು ಹೊಲ, ಹೊಳೆದಂಡೆಗೆ ಕರೆದೊಯ್ದರೆ ಸಾಕೇ? ಪರಿಸರದ ಕಾಳಜಿ ತಾನಾಗಿ ಬರುತ್ತದೆಯೇ?

ಟೆಂಟ್ ಹಾಕಿ ರಾತ್ರಿ ಕಳೆಯುವ ಕ್ಯಾಂಪಿಂಗ್ ರಾಯಚೂರು ಜಿಲ್ಲೆಯ ಮನೆಗಳಿಗೆ ಹೊಸದೆನಿಸಬಹುದು. ಆದರೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು ಹೊಸದಲ್ಲ. ಇಂಥ ಸುತ್ತಾಟದಿಂದ ಮಕ್ಕಳಲ್ಲಿ ಪ್ರಕೃತಿಪ್ರೀತಿ ತಾನಾಗಿ ಹುಟ್ಟುತ್ತದೆ ಎಂಬುದು ಹಲವರ ನಂಬಿಕೆ. ಇದು ಅರ್ಧ ಮಾತ್ರ ನಿಜ.

ಅಮೆರಿಕದ ನ್ಯಾನ್ಸಿ ವೆಲ್ಸ್ ಮತ್ತು ಕ್ರಿಸ್ಟಿ ಲೆಕೀಸ್ ನಗರಗಳಲ್ಲಿ ವಾಸಿಸುವ 2,000ಕ್ಕೂ ಹೆಚ್ಚು ವಯಸ್ಕರ ಮಾಹಿತಿ ಪರಿಶೀಲಿಸಿ 2006ರಲ್ಲಿ ವರದಿ ಪ್ರಕಟಿಸಿದರು. 11 ವರ್ಷಕ್ಕೆ ಮುನ್ನ ಕಾಡು ಸುತ್ತಿದ, ಕ್ಯಾಂಪಿಂಗ್ ಮಾಡಿದ, ಮೀನು ಹಿಡಿದ ಅನುಭವಕ್ಕೂ ದೊಡ್ಡವರಾದ ಮೇಲಿನ ಪರಿಸರ ಕಾಳಜಿಗೂ ನಂಟು ಕಂಡಿತು. ಉತ್ತರಗಳು ನೆನಪನ್ನು ಆಧರಿಸಿದವು, ಹಾಗಾಗಿ ಇದೇ ಕಾರಣ ಎಂದು ಸಾಧಿಸಿದಂತಾಗಲಿಲ್ಲ. ಇನ್ನೊಬ್ಬ ಸಂಶೋಧಕಿ ಲೂಯಿಸ್ ಚಾವ್ಲಾ ಅಮೆರಿಕದ ಕೆಂಟಕಿ ಮತ್ತು ನಾರ್ವೆಯ 56 ಪರಿಸರ ಹೋರಾಟಗಾರರನ್ನು ಮಾತನಾಡಿಸಿದಾಗ, ಬಯಲಲ್ಲಿ ಕಳೆದ ಬಾಲ್ಯದ ಜೊತೆಗೆ ಅನೇಕರು ಮನೆಯ ಹಿರಿಯರನ್ನೂ ನೆನೆದರು. ಅಂದರೆ ಜಾಗದಷ್ಟೇ, ಅಲ್ಲಿ ಜೊತೆಗಿದ್ದವರು ಹೇಗೆ ನಡೆದುಕೊಂಡರು ಎಂಬುದೂ ಮುಖ್ಯ.

ಎಳ್ಳ ಅಮಾವಾಸ್ಯೆಯನ್ನೇ ನೋಡಿ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕೂತು ಉಣ್ಣುತ್ತೇವೆ. ಮಣ್ಣಿಗೆ ಋಣಿಯಾಗಿರುವುದನ್ನು ಮಗುವಿಗೆ ಇದಕ್ಕಿಂತ ಸಲೀಸಾಗಿ ತೋರಿಸಲು ಸಾಧ್ಯವೇ? ಆದರೆ ಊಟ ಮುಗಿದ ಮೇಲೆ ಅದೇ ಬದುವಿನಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ ಬಿಟ್ಟು ಬಂದರೆ ಮಗು ಅದನ್ನೂ ನೋಡಿರುತ್ತದೆ. ಇಂಥ ತಟ್ಟೆ, ಲೋಟಗಳಿಗೆ ಕರ್ನಾಟಕದಲ್ಲಿ 2016ರಿಂದಲೂ, ದೇಶಾದ್ಯಂತ 2022ರ ಜುಲೈ 1ರಿಂದಲೂ ನಿಷೇಧವಿದೆ. ಪೇಪರ್ ಲೋಟ ಪರವಾಗಿಲ್ಲ ಎನ್ನುವವರಿದ್ದಾರೆ. ಅದರ ಒಳಮೈಗೂ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಪದರವಿರುತ್ತದೆ.

"ಸುಟ್ಟುಬಿಟ್ಟರೆ ಆಯಿತಲ್ಲ" ಎಂಬುದು ಮತ್ತೊಂದು ತಪ್ಪು ತಿಳಿವಳಿಕೆ. ಸೌದೆ ಬೆಂಕಿಯಲ್ಲಿ ಪ್ಲಾಸ್ಟಿಕ್ ಪೂರ್ತಿ ಉರಿಯುವುದಿಲ್ಲ. ವಿಷಕಾರಿ ಹೊಗೆ ಏಳುತ್ತದೆ, ಪಿವಿಸಿ ಇದ್ದರೆ ಡಯಾಕ್ಸಿನ್‌ನಂಥ ರಾಸಾಯನಿಕಗಳೂ ಹುಟ್ಟುತ್ತವೆ. ಮೈ ಕಾಯಿಸಿಕೊಳ್ಳಲು ಬೆಂಕಿಗೆ ಹತ್ತಿರ ಕೂತ ಮಕ್ಕಳೇ ಅದನ್ನು ಮೊದಲು ಉಸಿರಾಡುತ್ತಾರೆ. ಸ್ಟೀಲ್ ತಟ್ಟೆ ಒಯ್ದು, ಕಸವನ್ನು ಒಂದು ಚೀಲದಲ್ಲಿ ತುಂಬಿ, ಆ ಚೀಲದ ಉಸ್ತುವಾರಿಯನ್ನು ಮಗುವಿಗೇ ಕೊಟ್ಟು ನೋಡಿ. ಐದಾರು ವರ್ಷದವರೂ ಗತ್ತಿನಿಂದ ಮಾಡುವ ಕೆಲಸವದು.

ದೇವದುರ್ಗದ ಕಡೆ ಕೃಷ್ಣಾ ದಂಡೆಗೆ ಹೋಗುವವರಿಗೆ ವಿಷಯವೇ ಬೇರೆ. ಈ ಹೊಳೆಯಲ್ಲಿ ಮೊಸಳೆಗಳಿವೆ. ಚಳಿಗಾಲದಲ್ಲಿ ಅವು ಬಂಡೆ, ಮರಳಿನ ಮೇಲೆ ಬಿಸಿಲು ಕಾಯಿಸುತ್ತವೆ, ಬೇಸಿಗೆಗೆ ಮುನ್ನ ದಂಡೆಯಲ್ಲೇ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ನೀರಿನಲ್ಲಿದ್ದಾಗ ಕಣ್ಣು, ಮೂಗಿನ ತುದಿ ಬಿಟ್ಟು ಏನೂ ಕಾಣದು. "ಹೆದರಬೇಡ, ಇಲ್ಲಿ ಏನೂ ಇಲ್ಲ" ಎಂದು ಮಗುವಿಗೆ ಧೈರ್ಯ ತುಂಬುವುದು ಪ್ರೀತಿಯಿಂದಲೇ ಇರಬಹುದು, ಆದರೆ ಅದು ಸುಳ್ಳು. ಇದು ಅವುಗಳ ಮನೆ, ಅದಕ್ಕೇ ನಾವು ದೂರ ಕೂರುತ್ತೇವೆ ಎಂದರೆ ಮಗುವಿಗೆ ಅರ್ಥವಾಗುತ್ತದೆ. ಮೇಲೆ ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಹಾಗಾಗಿ ನಡುಗಡ್ಡೆಯಲ್ಲಾಗಲೀ ಮರಳಿನ ಮೇಲಾಗಲೀ ಟೆಂಟ್ ಹಾಕುವ ಯೋಚನೆಯೇ ಬೇಡ.

ಮಾನ್ವಿ ಕಡೆಯ ಕಾಲುವೆ ನೀರಿನ ಗದ್ದೆಗಳಲ್ಲಿ ಇಲಿ, ಕಪ್ಪೆ ಹೇರಳ. ಅವನ್ನು ಹುಡುಕಿಕೊಂಡು ಹಾವೂ ಬರುತ್ತವೆ. ಕಂಡ ಹಾವನ್ನೆಲ್ಲ ಬಡಿಯುವುದನ್ನು ನೋಡುತ್ತ ಬೆಳೆದ ಮಗು ಅದನ್ನೇ ಕಲಿಯುತ್ತದೆ. ಇಲಿ ತಿನ್ನುವ ಕೇರೆಹಾವಿಗೆ ವಿಷವಿಲ್ಲ, ಕೊಂದರೆ ನಷ್ಟ ರೈತನಿಗೇ. ಕಟ್ಟುಹಾವು ಮಾತ್ರ ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು, ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಹೊಲದಲ್ಲಿ ವಸ್ತಿ ಮಾಡಿದರೆ ಮಂಚ ಬಳಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ, ಎದ್ದಾಗ ಟಾರ್ಚ್ ಹಿಡಿಯಿರಿ. ಕಚ್ಚಿದ ಅನುಮಾನ ಬಂದರೂ ಗಾಯ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ಕೈಕಾಲು ಅಲುಗಾಡಿಸದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಕರೆದೊಯ್ಯಿರಿ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಶಾಲಾ ರಜೆ ಇದೆಯೆಂದು ಆಗ ಹೊರಡುವುದು ಸರಿಯಲ್ಲ. ಎಳ್ಳ ಅಮಾವಾಸ್ಯೆ ಬರುವ ಡಿಸೆಂಬರ್–ಜನವರಿಯೇ ಸರಿಯಾದ ಕಾಲ. ಜೋಳದ ಹೊಲ ಹಸಿರಾಗಿರುತ್ತದೆ, ವಲಸೆ ಹಕ್ಕಿಗಳೂ ಬಂದಿರುತ್ತವೆ.